ಎಳೆ ಕೂಸಿನ ಆಪರೇಷನ್: ಕೈಯಲ್ಲಿ ಬ್ಯಾಗಾ, ವೆಂಟಿಲೇಟರಾ?

ಪ್ರಶ್ನೆ: ಹಾಸನದಲ್ಲಿ ಅನಸ್ತೇಷಿಯಾ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಆಗಷ್ಟೇ ಹುಟ್ಟಿದ ಮಗುವಿನ ಆಪರೇಷನ್ ಬಂದರೆ ಪೂರ್ತಿ ಹೊತ್ತು ಕೈಯಲ್ಲೇ ಉಸಿರು ಕೊಡುವ ಬ್ಯಾಗ್ ಒತ್ತಬೇಕಾ, ವೆಂಟಿಲೇಟರ್‌ಗೆ ಹಾಕಬಹುದಾ? ಮಾಡಿ ನೋಡಿದವರು ಹೇಳಿ.

ಹಾಸನದಿಂದ ಒಬ್ಬ ಅನಸ್ತೇಷಿಯಾ ಡಾಕ್ಟರ್:

ವೆಂಟಿಲೇಟರ್‌ಗೆ ಹಾಕಿ ಡಾಕ್ಟ್ರೇ, ಆದರೆ ಬ್ಯಾಗ್ ಕೈಗೆ ಸಿಗುವಂತಿರಲಿ. ನಮಗೆ ಕಲಿಸಿದ ಹಿರಿಯರು ಜಾಕ್ಸನ್ ರೀಸ್ ಅನ್ನುವ ಈ ಬ್ಯಾಗ್ ಕೆಳಗಿಡುತ್ತಲೇ ಇರಲಿಲ್ಲ. ಶ್ವಾಸಕೋಶ ಬಿಗಿಯಾದರೆ ಕೈಗೇ ಗೊತ್ತಾಗುತ್ತದೆ ಅನ್ನುತ್ತಿದ್ದರು. ಅದರಲ್ಲಿ ನಿಜ ಇದೆ. ಆದರೆ ಗಂಟೆಗಟ್ಟಲೆ ಒಂದೇ ಸಮ ಒತ್ತುವುದು ಯಾರ ಕೈಗೂ ಆಗದ ಕೆಲಸ. ಒಂದು ಉಸಿರಿಗೆ ಬೇಕಾಗಿರುವುದು ಕೆಜಿಗೆ 4ರಿಂದ 6 ಎಂಎಲ್. ಮೂರು ಕೆಜಿ ಮಗುವಿಗೆ ಅಂದರೆ ಮೂರು ಟೀ ಚಮಚದಷ್ಟು ಗಾಳಿ, ಅಷ್ಟೇ. ಸ್ವಲ್ಪ ಜಾಸ್ತಿ ಒತ್ತಿದರೂ ಶ್ವಾಸಕೋಶಕ್ಕೆ ಪೆಟ್ಟು.

ನಾನು ಪ್ರೆಷರ್ ಕಂಟ್ರೋಲ್ ಮೋಡ್‌ನಲ್ಲಿ, ಅಂದರೆ ಪ್ರತಿ ಉಸಿರಿನ ಒತ್ತಡವನ್ನು ನಾವೇ ನಿಗದಿ ಮಾಡುವ ಮೋಡ್‌ನಲ್ಲಿ, ಶುರು ಮಾಡುತ್ತೇನೆ. ಪ್ರೆಷರ್ 15ರ ಆಸುಪಾಸು, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) 4–5, ನಿಮಿಷಕ್ಕೆ 30–40 ಉಸಿರು. ಆಮೇಲೆ ಎದೆ ಏಳುವುದನ್ನು ನೋಡಿ ಹೆಚ್ಚುಕಡಿಮೆ ಮಾಡುತ್ತೇನೆ. ಮಗುವಿಗೆ ಹಾಕುವ ಅದೇ ಸರ್ಕ್ಯೂಟ್ (ಉಸಿರಿನ ಪೈಪ್) ಜೋಡಿಸಿಯೇ ಮೆಷಿನ್ ಟೆಸ್ಟ್ ಮಾಡಿ. ಇಲ್ಲದಿದ್ದರೆ ಪೈಪ್ ಹಿಗ್ಗಿ ನುಂಗುವ ಗಾಳಿಯ ಲೆಕ್ಕ ತಪ್ಪುತ್ತದೆ.

ಈ ಮೋಡ್‌ನಲ್ಲಿ ಒಂದು ಅಪಾಯ ಇದೆ. ಸರ್ಜನ್ ಶ್ವಾಸಕೋಶ ಒತ್ತಿದರೆ ಅಥವಾ ಶ್ವಾಸನಾಳಕ್ಕೆ ಹಾಕಿದ ಟ್ಯೂಬ್‌ನಲ್ಲಿ ಕಫ ಕಟ್ಟಿದರೆ ಪ್ರೆಷರ್ ಮೊದಲಿನಷ್ಟೇ ತೋರಿಸುತ್ತದೆ, ಒಳಗೆ ಹೋಗುವ ಗಾಳಿ ಮಾತ್ರ ಕಡಿಮೆಯಾಗುತ್ತದೆ. ಅದಕ್ಕೇ ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿ) ಮೇಲೆ ಕಣ್ಣಿರಲಿ. ಅದು ಬಿದ್ದ ತಕ್ಷಣ ಬ್ಯಾಗ್ ಹಿಡಿಯಿರಿ, ಸರ್ಜನ್‌ಗೆ ಕೈ ತೆಗೆಯಲು ಹೇಳಿ. ಹಿಂಜರಿಯಬೇಡಿ. ಮಗು ಕೆಜಿ ಲೆಕ್ಕದಲ್ಲಿ ದೊಡ್ಡವರ ಎರಡರಷ್ಟು ಆಕ್ಸಿಜನ್ ಬಳಸುತ್ತದೆ, ನೋಡನೋಡುತ್ತಲೇ ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) ಕುಸಿಯುತ್ತದೆ.

ಹಾಗಂತ ಸುಮ್ನೆ ನೂರು ಪರ್ಸೆಂಟ್ ಆಕ್ಸಿಜನ್ ಕೊಡಬೇಡಿ. ತಿಂಗಳು ತುಂಬದ ಮಗುವಿನ ಕಣ್ಣಿಗೆ ಅದು ಕೆಡುಕು. ಅಂಥವರಿಗೆ ಸ್ಯಾಚುರೇಷನ್ 91–95 ಇದ್ದರೆ ಸಾಕು, ಅದನ್ನು ಅಳೆಯುವ ಪ್ರೋಬ್ ಬಲಗೈಯಲ್ಲಿರಲಿ.

ಚಿಕ್ಕಮಗಳೂರಿನಿಂದ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸಿಸ್ಟರ್:

ಸರ್ ಹೇಳಿದ್ದಕ್ಕೆ ಟ್ಯೂಬ್ ವಿಷಯ ಸೇರಿಸುತ್ತೇನೆ. ಕೆಜಿ ತೂಕಕ್ಕೆ 6 ಕೂಡಿಸಿದರೆ ತುಟಿಯ ಹತ್ತಿರ ಟ್ಯೂಬ್ ಎಷ್ಟು ಸೆಂಟಿಮೀಟರ್ ಗುರುತಿಗೆ ನಿಲ್ಲಬೇಕು ಅನ್ನುವ ಅಳತೆ ಸಿಗುತ್ತದೆ. ಮೂರು ಕೆಜಿಗೆ 9 ಸೆಂಟಿಮೀಟರ್. ಗಲ್ಲ ಎದೆ ಕಡೆ ಬಾಗಿದರೆ ಟ್ಯೂಬ್ ಒಳಗೆ ಜಾರುತ್ತದೆ, ತಲೆ ಹಿಂದೆ ಹೋದರೆ ಮೇಲೆ ಬರುತ್ತದೆ. ಮಗುವನ್ನು ಆಪರೇಷನ್‌ಗೆ ಮಲಗಿಸಿದ ಮೇಲೆ ಎದೆಯ ಎರಡೂ ಕಡೆ ಮತ್ತೆ ಸ್ಟೆತ್ ಇಟ್ಟು ಕೇಳಲೇಬೇಕು.

ಇನ್ನೊಂದು ಕೋರಿಕೆ ಡಾಕ್ಟ್ರೇ. ಥಿಯೇಟರ್‌ನಿಂದ ಹೊರಡುವ ಮೊದಲೇ ಫೋನ್ ಮಾಡಿ ಪ್ರೆಷರ್, ಪೀಪ್, ಆಕ್ಸಿಜನ್ ಎಷ್ಟಿದೆ ಹೇಳಿ. ವಾರ್ಮರ್ ಬಿಸಿ ಮಾಡಿ, ವೆಂಟಿಲೇಟರ್ ಅದೇ ಸೆಟ್ಟಿಂಗ್‌ನಲ್ಲಿ ಇಟ್ಟಿರುತ್ತೇವೆ.