ಅಪ್‌ಡೇಟ್: ಕಾವೇರಿ ವಾಗ್ವಾದದಲ್ಲಿ ನನ್ನನ್ನು ಬ್ಲಾಕ್ ಮಾಡಿದ ಗೆಳೆಯನ ವಿಚಾರ

2023ರಲ್ಲಿ ತಮಿಳುನಾಡಿಗೆ ನೀರು ಬಿಟ್ಟಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಡೆದ ಪಕ್ಷರಾಜಕೀಯದ ವಾಗ್ವಾದದ ನಂತರ, ಮಂಡ್ಯದಲ್ಲಿ ಜೊತೆಗೆ ಓದಿದ ಗೆಳೆಯನು ನನ್ನನ್ನು ಬ್ಲಾಕ್ ಮಾಡಿದ್ದನ್ನು ತಿಳಿಸಿ, ನಾನಾಗಿಯೇ ಮಾತನಾಡಿಸಬೇಕೇ ಎಂದು ಹಿಂದೆ ಕೇಳಿದ್ದೆ. ಫೋನ್ ಬೇಡ, ನೇರವಾಗಿ ಹೋಗಿ ಎಂದು ಹೆಚ್ಚಿನವರು ಹೇಳಿದಿರಿ. ಹೋಗಿ ಬಂದೆ.

ಅವನ ಗದ್ದೆ ಇರುವುದು ಪಾಂಡವಪುರದ ಕಡೆ, ಕಾವೇರಿ ನೀರು ಹರಿಯುವ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ. ಬದುವಿನ ಮೇಲೆ ನಿಂತೇ ವಾದ ಮತ್ತೆ ಶುರುವಾಯಿತು. 2018ರ ಸುಪ್ರೀಂ ಕೋರ್ಟ್ ತೀರ್ಪು ರಾಜ್ಯದ ಪಾಲನ್ನು 14.75 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು) ಹೆಚ್ಚಿಸಿದ್ದರೂ, ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವ ಗಡಿಯ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಹರಿಸುವ ಹೊಣೆಯನ್ನು ಹೊರಿಸಿರುವುದರಿಂದ, ಯಾವ ಪಕ್ಷ ಅಧಿಕಾರದಲ್ಲಿದ್ದರೂ ಇಕ್ಕಟ್ಟು ತಪ್ಪದು ಎಂಬ ನನ್ನ ನಿಲುವನ್ನು ನಾನು ಬದಲಿಸಲಿಲ್ಲ. ಮಳೆ ಕೈಕೊಟ್ಟ ವರ್ಷದ ಕಷ್ಟವನ್ನು ಹಂಚಲು ಎರಡೂ ರಾಜ್ಯಗಳು ಒಪ್ಪಿದ ಸೂತ್ರವೇ ಇಲ್ಲದಿರುವಾಗ ಆ ಅಂಕಿಗಳಿಂದ ರೈತನಿಗೇನು ಎಂಬುದು ಅವನ ಪ್ರಶ್ನೆ. “ಒಣಗಿದ್ದು ನನ್ ಪೈರು ಕಣ್ಲಾ, ನೀನು ಮೈಸೂರಲ್ಲಿ ಕೂತ್ಕಂಡು ಟಿಎಂಸಿ ಲೆಕ್ಕ ಬರೀತಿದ್ದೆ” ಎಂದ. ಅವನಿಗೆ ನೋವಾದದ್ದು ಪಕ್ಷದ ವಿಷಯದಲ್ಲಲ್ಲ ಎಂಬುದು ಆಗ ಸ್ಪಷ್ಟವಾಯಿತು. ಅವನ ಪೈರು ಒಣಗಿದ್ದು ಗುಂಪಿನಲ್ಲಿ ಯಾರಿಗೂ ತಿಳಿದಿರಲಿಲ್ಲ, ಅವನೂ ಹೇಳಿಕೊಂಡಿರಲಿಲ್ಲ.

ಅವನು ಬ್ಲಾಕ್ ತೆಗೆದಿದ್ದಾನೆ, ಗುಂಪಿಗೆ ಮಾತ್ರ ಮರಳುವುದಿಲ್ಲವಂತೆ. ಅದೇ ಸರಿ ಎನಿಸುತ್ತದೆ, ಏಕೆಂದರೆ ಅಲ್ಲಿ ಚುನಾವಣೆ ಬಂದಾಗಲೆಲ್ಲ ಅಡ್ಮಿನ್ ತಮ್ಮ ಹೊರತು ಬೇರಾರೂ ಬರೆಯದಂತೆ ಬೀಗ ಹಾಕಬೇಕಾಗಿದೆ. ಅದೇ ಜಗಳದಲ್ಲಿ ದೂರವಾದ ಇನ್ನೊಬ್ಬ ಗೆಳೆಯ ನನ್ನ ಕರೆಗಳನ್ನು ಸ್ವೀಕರಿಸುತ್ತಿಲ್ಲ; ಅವನನ್ನು ಇನ್ನು ಒತ್ತಾಯಿಸುವುದಿಲ್ಲ.