ಚಿನ್ನುವನ್ನು ಈಗಲೇ ಸ್ಕೂಲಿಗೆ ಹಾಕಬೇಕಾ? (ಮನೆ ಗುಂಪಿನ ಚರ್ಚೆ)

ನಾಗರಾಜ್ ಮಾವ: (ಫಾರ್ವರ್ಡ್) ದಾಖಲಾತಿ ಆರಂಭ! ಪ್ಲೇ ಗ್ರೂಪ್, ನರ್ಸರಿ, ಎಲ್‌ಕೆಜಿ, ಯುಕೆಜಿ. ಒಂದೂವರೆ ವರ್ಷದ ಮಕ್ಕಳಿಂದ. 6 ವರ್ಷದೊಳಗೆ ಮೆದುಳಿನ 85% ಬೆಳವಣಿಗೆ ಮುಗಿದುಹೋಗುತ್ತದೆ, ತಡ ಮಾಡಬೇಡಿ! ಎಸಿ ರೂಮು, ಸ್ಮಾರ್ಟ್ ಬೋರ್ಡ್, ಅಬಾಕಸ್, ವ್ಯಾನ್ ಸೌಲಭ್ಯ. ಮೊದಲ 20 ಮಕ್ಕಳಿಗೆ ವಿಶೇಷ ರಿಯಾಯಿತಿ.

ನಾಗರಾಜ್ ಮಾವ: ಪ್ರದೀಪ, ರಶ್ಮಿ ನೋಡಿ. ಎಸ್.ಎಸ್. ಪುರಂನಲ್ಲಿ, ನಮ್ಮ ಮನೆ ಹಿಂದಿನ ರಸ್ತೆ. ಬಿಲ್ಡಿಂಗ್ ಚೆನ್ನಾಗಿದೆ. ರಿಯಾಯಿತಿ ಭಾನುವಾರದವರೆಗೆ ಮಾತ್ರ ಅಂತೆ.

ರಶ್ಮಿ: ನಾನೂ ಯೋಚನೆ ಮಾಡುತ್ತಿದ್ದೆ ಮಾವ. ಆದರೆ ಪೂರ್ತಿ ದಿನ ಬೇಡ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಎರಡು ಮೂರು ಗಂಟೆ ಸಾಕು. ತುಮಕೂರಲ್ಲಿ ಹಾಗೆ ತೆಗೆದುಕೊಳ್ಳುವವರು ಯಾರಾದರೂ ಇದ್ದಾರಾ?

ಅಮ್ಮ: ಎರಡು ವರ್ಷ ತುಂಬಿ ಎರಡು ತಿಂಗಳಾಗಿದೆ ಅಷ್ಟೇ. ಆ ಕೂಸಿಗೆ ಸ್ಕೂಲಾ? ನಾನು ಮನೆಯಲ್ಲಿ ಇಲ್ಲವಾ?

ಕಾರ್ತಿಕ್: ದೊಡ್ಡಮ್ಮ, ಬೆಂಗಳೂರಲ್ಲಿ ಎಲ್ಲರೂ ಹಾಕುತ್ತಾರೆ. ನಮ್ಮ ಆಫೀಸಿನವರ ಮಗು ಎರಡು ವರ್ಷಕ್ಕೇ ಕಲರ್ಸ್, ಶೇಪ್ಸ್ ಎಲ್ಲ ಹೇಳುತ್ತದೆ.

ನಾಗರಾಜ್ ಮಾವ: ಅದೇ ಮತ್ತೆ. ಈ ವರ್ಷ ಬಿಟ್ಟರೆ ಮಗು ಒಂದು ವರ್ಷ ಹಿಂದೆ ಬೀಳುತ್ತದೆ. ಆಮೇಲೆ ಸೀಟಿಗೆ ಅಲೆಯಬೇಕು.

ವೀಣಕ್ಕ: ಮಾವ, ಎಲ್ಲಿಂದ ಹಿಂದೆ ಬೀಳುತ್ತದೆ? ಲೆಕ್ಕ ಹಾಕಿ. ಚಿನ್ನು ಹುಟ್ಟಿದ್ದು 2024ರ ಜನವರಿ. 2027ರ ಜೂನ್‌ನಲ್ಲಿ ನರ್ಸರಿ, ಆಮೇಲೆ ಎಲ್‌ಕೆಜಿ, ಯುಕೆಜಿ, 2030ರ ಜೂನ್‌ಗೆ 1ನೇ ಕ್ಲಾಸು. ಅಷ್ಟೊತ್ತಿಗೆ ಅವಳಿಗೆ 6 ವರ್ಷ ತುಂಬಿ ನಾಲ್ಕು ತಿಂಗಳು ದಾಟಿರುತ್ತದೆ. 1ನೇ ಕ್ಲಾಸಿಗೆ 6 ತುಂಬಿರಬೇಕು ಅಂತ ನಿಯಮ ಬಂದು, 2025ರಲ್ಲಿ ಪೋಷಕರೆಲ್ಲ ಗಲಾಟೆ ಮಾಡಿ ಆ ಸಾಲಿಗೆ 5 ವರ್ಷ 5 ತಿಂಗಳಿಗೆ ಇಳಿಸಿಕೊಂಡರಲ್ಲ, ನೆನಪಿದೆಯಾ? ಬೇಗ ಬೇಗ ಹಾಕಿದವರೇ ಆಗ ಒದ್ದಾಡಿದ್ದು. ಈ ಪ್ಲೇ ಗ್ರೂಪ್ ವರ್ಷ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಕಾರ್ತಿಕ್: ಆದರೆ ಅಕ್ಕ, 85% ಮೆದುಳು ಅನ್ನುವುದು ಸುಳ್ಳಾ?

ವೀಣಕ್ಕ: ಸುಳ್ಳಲ್ಲ ಕಣೋ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಆ ಮಾತಿದೆ. ಆದರೆ ಅದರಲ್ಲೇ ಪೂರ್ವ ಪ್ರಾಥಮಿಕ ಶುರುವಾಗುವುದು 3 ವರ್ಷಕ್ಕೆ ಅಂತಲೂ ಇದೆ, ಆಟದ ಮೂಲಕ ಕಲಿಯಲಿ ಅಂತಲೂ ಇದೆ. ಪೋಸ್ಟರ್ ಮಾಡಿದವರು ಅಂಕಿ ಮಾತ್ರ ಎತ್ತಿಕೊಂಡಿದ್ದಾರೆ. ಅಬಾಕಸ್ ಅಂತೆ! ಚಿನ್ನು ಆ ಮಣಿ ಬಾಯಿಗೆ ಹಾಕಿಕೊಳ್ಳುತ್ತಾಳೆ ಅಷ್ಟೇ.

ಸುಧಾ ಚಿಕ್ಕಮ್ಮ: ನಮ್ಮ ಅಂಗನವಾಡಿಯಲ್ಲೂ ಶಾಲೆ ಥರ ಕೂರಿಸಿಕೊಳ್ಳುವುದು 3 ತುಂಬಿದ ಮೇಲೇ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಆಹಾರದ ಪೊಟ್ಟಣ ಮನೆಗೇ ಕೊಟ್ಟು ಕಳಿಸುತ್ತೇವೆ. 1975ರಲ್ಲಿ ಯೋಜನೆ ಶುರುವಾದಾಗಿನಿಂದ ಕಲಿಕೆ ಅಂದರೆ 3ರಿಂದ 6ರ ಮಕ್ಕಳಿಗೇ. ಚಿನ್ನುಗೆ 3 ತುಂಬಿದ ಮೇಲೆ ಅಂಗನವಾಡಿ ಕೂಡ ಒಂದು ಸಲ ನೋಡಿ, ಹೇಳಿದರೆ ನಗುತ್ತೀರಿ.

ಕಾರ್ತಿಕ್: ನಗುತ್ತಿಲ್ಲ ಚಿಕ್ಕಮ್ಮ, ಆದರೂ ಅಲ್ಲಿ ಏನು ಕಲಿಸುತ್ತಾರೆ?

ಸುಧಾ ಚಿಕ್ಕಮ್ಮ: ಹಾಡು, ಕಥೆ, ಆಟ. ಹಾಲು ಕೊಡುತ್ತೇವೆ, ಮೊಟ್ಟೆ ಕೊಡುತ್ತೇವೆ, ಮಗುವಿನ ತೂಕ ನೋಡಿ ಬರೆದಿಡುತ್ತೇವೆ. ನಿಮ್ಮ ಸ್ಮಾರ್ಟ್ ಬೋರ್ಡ್ ತೂಕ ನೋಡುತ್ತದಾ?

ಪ್ರದೀಪ್: ಟ್ರೈನಲ್ಲಿದ್ದೇನೆ, ದಾಬಸ್‌ಪೇಟೆ ಹತ್ತಿರ. ಈಗ ನೋಡಿದೆ. ಅಕ್ಕ ಹೇಳುವುದು ಸರಿ, ಮೂರು ವರ್ಷದವರೆಗೆ ಮನೆಯಲ್ಲೇ ಇರಲಿ ಬಿಡಿ, ಅಮ್ಮ ಇದ್ದಾರಲ್ಲ.

ರಶ್ಮಿ: ಇರಲಿ ಬಿಡಿ ಅಂತ ಟ್ರೈನಲ್ಲಿ ಕೂತುಕೊಂಡು ಹೇಳುವುದು ಸುಲಭ. ಬೆಳಿಗ್ಗೆ ಆರೂವರೆಗೆ ಹೋದವರು ರಾತ್ರಿ ಎಂಟಕ್ಕೆ ಬರುತ್ತೀರಿ. ನನಗೆ ಪ್ರತಿ ತಿಂಗಳು 11ಕ್ಕೆ ಒಂದು ಜಿಎಸ್‌ಟಿ ರಿಟರ್ನ್, 20ಕ್ಕೆ ಇನ್ನೊಂದು, ಅದೂ ಹದಿನಾಲ್ಕು ಅಂಗಡಿಗಳದ್ದು, ಆ ವಾರ ಲ್ಯಾಪ್‌ಟಾಪ್ ತೆಗೆದರೆ ಸಾಕು ಮಗು ಬಂದು ತೊಡೆ ಮೇಲೆ ಕೂತು ಕೀ ಒತ್ತುತ್ತದೆ, ಎತ್ತಿ ಕೆಳಗಿಟ್ಟರೆ ಅಳು, ಅತ್ತೆಗೆ ಮಂಡಿ ನೋವು, ಹಿಂದೆ ಓಡಲು ಆಗುವುದಿಲ್ಲ, ಕೊನೆಗೆ ಮೊಬೈಲ್ ಕೊಟ್ಟು ಕೂರಿಸುತ್ತಾರೆ. ಅತ್ತೆ, ನಿಮ್ಮ ಮೇಲೆ ದೂರು ಹೇಳುತ್ತಿಲ್ಲ. ನಾನೂ ಅದನ್ನೇ ಮಾಡುತ್ತೇನೆ.

ಅಮ್ಮ: ದೂರು ಅಲ್ಲದೆ ಇನ್ನೇನು.

ಪ್ರದೀಪ್: ಗುಂಪಿನಲ್ಲಿ ಬೇಡ ರಶ್ಮಿ, ಮನೆಗೆ ಬಂದ ಮೇಲೆ ಮಾತಾಡೋಣ.

ವೀಣಕ್ಕ: ಇಲ್ಲ, ಇಲ್ಲೇ ಮಾತಾಡೋಣ, ಪೋಸ್ಟರ್ ಬಂದಿದ್ದೂ ಇಲ್ಲೇ ಅಲ್ವಾ. ಪ್ರದೀಪ, ನಾನು ಮನೆಯಲ್ಲೇ ಇರಲಿ ಅಂತ ಎಲ್ಲಿ ಹೇಳಿದೆ? ಚಿನ್ನುಗೆ ಈಗ ಸ್ಕೂಲ್ ಬೇಡ. ಆದರೆ ರಶ್ಮಿಗೆ ಮೂರು ಗಂಟೆ ಬೇಕು. ಅದನ್ನು ಬಾಯಿ ಬಿಟ್ಟು ಹೇಳುವುದಕ್ಕೆ ನಮ್ಮ ಮನೆಗಳಲ್ಲಿ ನಾಚಿಕೆ, ತಾಯಿ ಕೆಲಸಕ್ಕೋಸ್ಕರ ಮಗುವನ್ನು ಬಿಟ್ಟಳು ಅನ್ನುತ್ತಾರೆ ಅಂತ. ಅದಕ್ಕೇ ಮೆದುಳು, ಅಬಾಕಸ್, ಇಂಗ್ಲಿಷು ಅಂತ ನೆಪ ಹುಡುಕುತ್ತೇವೆ. ನೆಪ ಇಟ್ಟುಕೊಂಡು ಹುಡುಕಿದರೆ ಎಸಿ ರೂಮು ನೋಡಿ ದುಡ್ಡು ಕಟ್ಟಿ ಬರುತ್ತೇವೆ. ಮಗುವನ್ನು ಮೂರು ಗಂಟೆ ಚೆನ್ನಾಗಿ ನೋಡಿಕೊಳ್ಳುವ ಜಾಗ ಬೇಕು ಅಂತ ಹುಡುಕಿದರೆ ಬೇರೆಯೇ ಕಾಣಿಸುತ್ತದೆ.

ರಶ್ಮಿ: ಥ್ಯಾಂಕ್ಸ್ ಅಕ್ಕ. ಏನು ನೋಡಬೇಕು ಹೇಳಿ ಮತ್ತೆ. ನೀವು ಟೀಚರ್ ಆಗಿದ್ದವರು.

ವೀಣಕ್ಕ: ಮೊದಲು ಆಯಾ. ಟೀಚರ್ ಆಮೇಲೆ. ಸ್ನ್ಯಾಕ್ಸ್ ಡಬ್ಬಿ ಬಿಚ್ಚುವ ಹೊತ್ತಿಗೆ, ಹತ್ತೂಮುಕ್ಕಾಲಿಗೆ, ಹೇಳದೆ ಕೇಳದೆ ಹೋಗಿ ನಿಂತುಕೋ. ಆಯಾ ಮುಚ್ಚಳ ತೆಗೆದುಕೊಟ್ಟು ಹೊರಟುಹೋಗುತ್ತಾಳಾ, ಪಕ್ಕದಲ್ಲಿ ಕೂರುತ್ತಾಳಾ ನೋಡು. ನಮ್ಮಲ್ಲಿ ಒಬ್ಬ ಹುಡುಗ ಇದ್ದ, ಚಪಾತಿ ಚೂರನ್ನು ಕೆನ್ನೆಯೊಳಗೆ ಇಟ್ಟುಕೊಂಡು ಅರ್ಧ ಗಂಟೆ ಹಾಗೇ ಕೂತಿರುತ್ತಿದ್ದ, ನುಂಗುತ್ತಿರಲಿಲ್ಲ. ಟೀಚರ್‌ಗಳು ರಮಿಸಿದ್ದಾಯಿತು, ಗದರಿದ್ದಾಯಿತು. ನೀರಿನ ಬಾಟಲಿಯನ್ನು ಅವನ ಕೈಗೇ ಕೊಟ್ಟು ನಾವು ಬೇರೆ ಕಡೆ ತಿರುಗಿದರೆ ನುಂಗುತ್ತಾನೆ ಅಂತ ಕಂಡುಹಿಡಿದವಳು ಆಯಾ. ಅಂಥವಳೊಬ್ಬಳು ಇದ್ದರೆ ಶೀಟು ಹಾಕಿದ ಮನೆಯಾದರೂ ಪರವಾಗಿಲ್ಲ.

ವೀಣಕ್ಕ: ಆಮೇಲೆ ಟಾಯ್ಲೆಟ್. ಒಳಗೆ ಹೋಗಿ ನೋಡು, ಬಾಗಿಲಿಂದಲ್ಲ. ನೆಲ ಜಾರುತ್ತದಾ, ಚಿಕ್ಕ ಮಕ್ಕಳು ಕೂರುವ ಹಾಗಿದೆಯಾ, ಚಡ್ಡಿ ಒದ್ದೆಯಾದರೆ ಬದಲಾಯಿಸುವವರು ಯಾರು. ಡೈಪರ್ ಹಾಕಿಯೇ ಕಳಿಸಿ ಅಂದರೆ ಅಲ್ಲಿ ಕೈ ಸಾಲದು ಅಂತಲೇ ಅರ್ಥ. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗದ ಮಾರ್ಗಸೂಚಿ ಇದೆ, ಪ್ಲೇ ಸ್ಕೂಲ್‌ಗಳಿಗೆ ಅಂತಲೇ. 20 ಮಕ್ಕಳಿಗೆ ಒಬ್ಬ ಟೀಚರ್, ಜೊತೆಗೆ ನೋಡಿಕೊಳ್ಳುವವರು ಒಬ್ಬರು, ದಿನಕ್ಕೆ ಮೂರು ನಾಲ್ಕು ಗಂಟೆ. ಅದೂ 3 ತುಂಬಿದವರಿಗೆ. 3 ತುಂಬದವರನ್ನು ಸೇರಿಸಿಕೊಳ್ಳಲೇಬಾರದು ಅಂತ ಅದರಲ್ಲಿದೆ. ಚಿನ್ನು ವಯಸ್ಸಿಗೆ ಸ್ಕೂಲ್ ಅಂತ ಬೋರ್ಡ್ ಹಾಕಿದವರಿಗಿಂತ, ಡೇ ಕೇರ್ ಅಂತ ಒಪ್ಪಿಕೊಂಡು ಕಡಿಮೆ ಮಕ್ಕಳನ್ನು ಇಟ್ಟುಕೊಂಡವರೇ ವಾಸಿ.

ಕಾರ್ತಿಕ್: ಮಾಂಟೆಸ್ಸರಿ ಇದ್ದರೆ?

ವೀಣಕ್ಕ: ಒಳ್ಳೆಯದೇ, ನಿಜವಾದದ್ದಾದರೆ. ಆ ಹೆಸರು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಟೀಚರ್ ತರಬೇತಿ ಎಲ್ಲಿ ಪಡೆದಿದ್ದು ಅಂತ ಕೇಳು. ಎರಡೂವರೆ ವರ್ಷದವರ ಕೈಗೆ ಪೆನ್ಸಿಲ್ ಕೊಟ್ಟು ಸ್ಟ್ಯಾಂಡಿಂಗ್ ಲೈನ್ ಬರೆಸುತ್ತಿದ್ದರೆ ಬೋರ್ಡ್ ಏನೇ ಇರಲಿ, ವಾಪಸ್ ಬಾ. ಸ್ಮಾರ್ಟ್ ಬೋರ್ಡ್ ಅಂದರೆ ದೊಡ್ಡ ಟಿವಿ. ಮನೆಯಲ್ಲಿ ಅಮ್ಮ ಮೊಬೈಲ್ ಕೊಟ್ಟರೆ ಮುಖ ಊದಿಸಿಕೊಳ್ಳುತ್ತೀರಿ, ಅಲ್ಲಿ ದುಡ್ಡು ಕೊಟ್ಟು ತೋರಿಸುತ್ತೀರಾ?

ಅಮ್ಮ: ಅದು ಸರಿಯಾಗಿ ಹೇಳಿದೆ.

ರಶ್ಮಿ: ಮೂರು ದಿನ ಮಾತ್ರ ಅಂದರೆ ಒಪ್ಪುತ್ತಾರಾ ಅಕ್ಕ? ಬಟವಾಡಿಯಲ್ಲಿ ಒಂದು ಕಡೆ ಕೇಳಿದೆ. ಮೂರೇ ದಿನ ಕಳಿಸಿ ಮೇಡಂ, ನಮಗೇನೂ ತೊಂದರೆ ಇಲ್ಲ, ಫೀಸು ಮಾತ್ರ ಪೂರ್ತಿ ಅಂದರು.

ವೀಣಕ್ಕ: ಎಲ್ಲರೂ ಹಾಗೇ. ನಾನಂತೂ ದಿನ ಬಿಟ್ಟು ದಿನ ಬೇಡ ಅನ್ನುತ್ತೇನೆ. ಇಷ್ಟು ಚಿಕ್ಕವರಿಗೆ ಮಧ್ಯೆ ಮಧ್ಯೆ ಬಿಡುವು ಕೊಟ್ಟರೆ ಹೋದ ಪ್ರತಿ ದಿನವೂ ಮೊದಲ ದಿನದ ಅಳುವೇ. ಐದು ದಿನವೂ ಕಳಿಸು, ಎರಡೆರಡು ಗಂಟೆ. ನಿದ್ದೆ ಹೊತ್ತಿಗೆ ಮನೆಗೆ ಬರಲಿ. ಮೊದಲ ವಾರ ನೀನು ಒಳಗೇ ಕೂರುತ್ತೇನೆ ಅನ್ನು. ಗೇಟಿನ ಹೊರಗೇ ಮಗುವನ್ನು ಕಿತ್ತುಕೊಂಡು ಒಳಗೆ ಹೋಗುತ್ತಾರಲ್ಲ, ಎರಡು ದಿನ ಅತ್ತು ಸರಿಹೋಗುತ್ತಾರೆ ಅಂತ, ಅಂಥ ಕಡೆ ಬೇಡವೇ ಬೇಡ.

ಪ್ರದೀಪ್: ಮೊದಲ ವಾರ ನಾನು ಎರಡು ದಿನ ರಜೆ ಹಾಕುತ್ತೇನೆ. ರಶ್ಮಿ ಒಬ್ಬಳೇ ಕೂರುವುದು ಬೇಡ.

ರಶ್ಮಿ: ಸ್ಕ್ರೀನ್‌ಶಾಟ್ ತೆಗೆದುಕೊಂಡೆ.

ಅಮ್ಮ: ನನ್ನದೂ ಒಂದು ಮಾತು. ವ್ಯಾನ್ ಬೇಡ. ಬಿ.ಎಚ್. ರೋಡಲ್ಲಿ ಆ ಬಸ್ಸುಗಳ ಮಧ್ಯೆ ಕೂಸನ್ನು ಕಳಿಸುವುದಕ್ಕೆ ನಾನು ಒಪ್ಪುವುದಿಲ್ಲ. ಕರೆದುಕೊಂಡು ಬರುವುದು ನಾನೇ. ಬೆನ್ನಟ್ಟಿ ಓಡಲು ಆಗದಿರಬಹುದು, ಕೈ ಹಿಡಿದು ನಡೆಸಿಕೊಂಡು ಬರಲು ಆಗುತ್ತದೆ.

ರಶ್ಮಿ: ಆಯಿತು ಅತ್ತೆ. ನಿಮಗೆ ನಡೆಯಲು ಆಗುವಷ್ಟು ದೂರದಲ್ಲೇ ನೋಡೋಣ. ಎಸ್.ಎಸ್. ಪುರಂ ಹಾಗಾದರೆ ಲೆಕ್ಕಕ್ಕಿಲ್ಲ. ನಮ್ಮ ಕ್ರಾಸಿನ ಕೊನೆಯಲ್ಲಿ ಒಬ್ಬರು ಮನೆಯಲ್ಲೇ ಎಂಟು ಹತ್ತು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಬೋರ್ಡ್ ಕೂಡ ಇಲ್ಲ. ಸೋಮವಾರ ಹತ್ತೂಮುಕ್ಕಾಲಿಗೆ ಹೋಗೋಣ, ನೀವೂ ಬನ್ನಿ.

ಅಮ್ಮ: ಬರುತ್ತೇನೆ. ಟಾಯ್ಲೆಟ್ ನಾನು ನೋಡುತ್ತೇನೆ.

ನಾಗರಾಜ್ ಮಾವ: ಅಲ್ಲ, ಎಸ್.ಎಸ್. ಪುರಂ ಬೇಡವೇ ಬೇಡ ಅಂತೀರಾ? ನಾನು ಬೆಳಿಗ್ಗೆ ವಾಕಿಂಗ್ ಹೋದಾಗ ಸಾವಿರ ರೂಪಾಯಿ ಟೋಕನ್ ಕೊಟ್ಟು ಬಂದೆನಲ್ಲ.

ಪ್ರದೀಪ್: ಮಾವ!

ವೀಣಕ್ಕ: ರಸೀದಿ ಕೊಟ್ಟಿದ್ದಾರಾ?

ನಾಗರಾಜ್ ಮಾವ: ರಸೀದಿ ಆಮೇಲೆ ಕೊಡುತ್ತೇವೆ ಅಂದರು. ಒಂದು ಟೋಪಿ ಕೊಟ್ಟರು.