ಈ ಮಳೆಗಾಲಕ್ಕೆ ಯಾವ ಐತಿಹಾಸಿಕ ಕಾದಂಬರಿ? ನಾವು ಓದುತ್ತಿರುವುದು ಇವು

ಕೆಲಸಕ್ಕೆಂದು ಹೊಸದಾಗಿ ಶಿವಮೊಗ್ಗಕ್ಕೆ ಬಂದಿದ್ದೀನಿ, ಸಂಜೆ ಮಳೆ ಹಿಡಿದರೆ ರೂಮಿನಿಂದ ಆಚೆ ಹೋಗೋಕಾಗಲ್ಲ, ಐತಿಹಾಸಿಕ ಕಾದಂಬರಿ ಓದಬೇಕು ಅಂತ ಆಸೆ, ಆದರೆ ಸ್ವಲ್ಪ ಓದಿ ಬಿಟ್ಟುಬಿಡ್ತೀನಿ, ನೀವೆಲ್ಲ ಈಗ ಏನು ಓದ್ತಿದ್ದೀರಿ ಅಂತ ಕೇಳಿದ್ದೀರಿ. ನಾನು ಸಾಗರದವಳು. ನಮ್ಮ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಓದುವವರು ಜಾಸ್ತಿ. ಅವರ ಅನುಭವವನ್ನೂ ಸೇರಿಸಿಯೇ ಹೇಳುತ್ತೇನೆ.

ಮೊದಲನೆಯ ಮಾತು: ಬಸ್ಸು ಹತ್ತಿ ಹೋಗಿ ನೋಡಿ ಬರಬಹುದಾದ ಜಾಗದ ಕಾದಂಬರಿಯಿಂದ ಶುರು ಮಾಡಿ. ಅದು ಮುಗಿದ ಮೇಲೆ, ಅದೇ ಕಾಲವನ್ನು ಬೇರೆ ಕಡೆ ನಿಂತು ಹೇಳುವ ಇನ್ನೊಂದನ್ನು ಹಿಡಿಯಿರಿ. ಸುಮ್ನೆ ದೊಡ್ಡ ಹೆಸರು ಕೇಳಿ ಯಾವುದೋ ಒಂದನ್ನು ತಂದರೆ, ವಂಶಾವಳಿಯ ಹೆಸರುಗಳಲ್ಲೇ ಸುಸ್ತಾಗುತ್ತದೆ.

ಈಗ ನನ್ನ ಕೈಯಲ್ಲಿರುವುದು ಮಾಸ್ತಿಯವರ 'ಚೆನ್ನಬಸವನಾಯಕ'. ಬಿದನೂರಿನ ಕಥೆ, ಅಂದರೆ ಇವತ್ತಿನ ಹೊಸನಗರ ತಾಲ್ಲೂಕಿನ ನಗರ. ಕೆಳದಿಯವರ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು. ಆ ಕೊನೆಯ ಕಾಲವನ್ನೇ ಮಾಸ್ತಿ ಹಿಡಿದಿದ್ದಾರೆ. ಪಟ್ಟಕ್ಕೆ ಬರಬೇಕಾದ ಹುಡುಗ ಚೆನ್ನಬಸವನಾಯಕ, ಆಳ್ವಿಕೆ ಕೈಯಲ್ಲಿರುವ ರಾಣಿ ವೀರಮ್ಮಾಜಿ, ಹೊರಗೆ ಸಮಯ ಕಾಯುತ್ತಿರುವ ಹೈದರ್. 1763ರಲ್ಲಿ ಬಿದನೂರು ಹೈದರನ ಕೈಸೇರಿತು ಅನ್ನುವುದು ನಮಗೆಲ್ಲ ಗೊತ್ತು. ಗೊತ್ತಿದ್ದೂ ಓದುವಾಗ ಎದೆ ಹೊಡೆದುಕೊಳ್ಳುತ್ತದೆ, ಯಾಕೆಂದರೆ ಮಾಸ್ತಿಗೆ ಯುದ್ಧದ ಆರ್ಭಟ ಬೇಕಿಲ್ಲ. ಊರಿನ ಹಿರಿಯರು ಜಗಲಿಯ ಮೇಲೆ ಕೂತು ನಡೆದದ್ದನ್ನು ಹೇಳಿದ ಹಾಗೆ ಹೇಳುತ್ತಾ ಹೋಗುತ್ತಾರೆ. ರಾಜ್ಯ ಬೀಳುವುದು ಕೋಟೆಯ ಬಾಗಿಲಲ್ಲಿ ಅಲ್ಲ, ಅರಮನೆಯೊಳಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಹೋದಾಗ ಅನ್ನುವುದು ಪುಟಪುಟಕ್ಕೂ ಕಾಣುತ್ತದೆ.

ಇದನ್ನು ಓದುತ್ತಲೇ ಒಂದು ದಿನ ನಗರಕ್ಕೆ ಹೋಗಿ ಬನ್ನಿ. ಜಂಬಿಟ್ಟಿಗೆಯ ಗೋಡೆ, ಮೇಲೆ ಹಸಿರು ಪಾಚಿ. ಒಳಗೆ ಅರಮನೆ ಇದ್ದ ಜಾಗದಲ್ಲಿ ಈಗ ಬರೀ ತಳಪಾಯ. ಅಲ್ಲಿ ನಿಂತರೆ ದರ್ಬಾರು ಎಷ್ಟು ದೊಡ್ಡದಿತ್ತು, ಎಷ್ಟು ದೊಡ್ಡದಿರಲಿಲ್ಲ ಎರಡೂ ತಿಳಿಯುತ್ತದೆ. ಕಾದಂಬರಿಯಲ್ಲಿ ಒಬ್ಬರು ಗುಟ್ಟಾಗಿ ಆಡಿದ ಮಾತು ಇನ್ನೊಬ್ಬರ ಕಿವಿಗೆ ಬೀಳುವುದು ನಂಗೆ ಆಮೇಲೆ ಆಶ್ಚರ್ಯ ಅನ್ನಿಸಲಿಲ್ಲ. ಹತ್ತಿರದ ದೇವಗಂಗೆಯ ಕೊಳಗಳನ್ನೂ ನೋಡಿ. ಮಳೆಗಾಲದಲ್ಲಿ ಕಲ್ಲು ತುಂಬಾ ಜಾರುತ್ತೆ, ಹುಷಾರು.

ಇದರ ಜೊತೆಗೆ ಓದಬೇಕಾದ ಇನ್ನೊಂದು, ತ.ರಾ.ಸು. ಅವರ 'ದುರ್ಗಾಸ್ತಮಾನ'. ನಮ್ಮ ಭಾವ ಇದನ್ನು ಈಗ ಮತ್ತೆ ಓದುತ್ತಿದ್ದಾರೆ. ಹೈದರ್ ಬಿದನೂರಿಗೆ ಬಂದಾಗ ಚಿತ್ರದುರ್ಗದವರು ಅವನ ಜೊತೆ ನಿಂತಿದ್ದರು. 16 ವರ್ಷ ಕಳೆದು 1779ರಲ್ಲಿ ಅದೇ ಹೈದರ್ ದುರ್ಗವನ್ನೂ ತೆಗೆದುಕೊಂಡ. ಮಾಸ್ತಿಯವರದನ್ನು ಮುಗಿಸಿ ತಕ್ಷಣ ಇದನ್ನು ಹಿಡಿದರೆ, ಇಲ್ಲಿ ಗೆದ್ದವರ ಪಕ್ಕದಲ್ಲಿದ್ದವರು ಅಲ್ಲಿ ಸೋಲುವುದನ್ನು ನೋಡುತ್ತೀರಿ. ಪಟ್ಟಕ್ಕೆ ಬರುವಾಗ ಮದಕರಿ ಇನ್ನೂ ಹುಡುಗ, ಅವನನ್ನು ಆರಿಸುವ ಓಬಳವ್ವ ನಾಗತಿಯ ಭಾಗವನ್ನಂತೂ ಭಾವ ನಮಗೆಲ್ಲ ಜೋರಾಗಿ ಓದಿ ಹೇಳಿದರು. ಪುಸ್ತಕ ದಪ್ಪ ಅಂತ ಹೆದರಬೇಡಿ. ತರಾಸು ಮಾತಿನಲ್ಲೇ ಕಥೆ ಓಡಿಸುತ್ತಾರೆ, ಮಾಸ್ತಿಗಿಂತ ಬೇಗ ಸಾಗುತ್ತದೆ. ಒಂದು ಚೀಟಿಯಲ್ಲಿ ಯಾರು ಯಾರ ಮಗ, ಯಾರು ದಳವಾಯಿ, ಯಾರು ಪ್ರಧಾನಿ ಅಂತ ಬರೆದು ಪುಟದ ನಡುವೆ ಇಟ್ಟುಕೊಳ್ಳಿ. ಇದು ಭಾವ ಕೊಟ್ಟ ಸಲಹೆ, ನಮಗೆಲ್ಲ ಉಪಯೋಗಕ್ಕೆ ಬಂದಿದೆ. ಇಷ್ಟವಾದರೆ ಅವರದೇ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮೂರನ್ನೂ ಸಾಲಾಗಿ ಓದಬಹುದು, ಅವು ದುರ್ಗದ ಇನ್ನೂ ಹಿಂದಿನ ಕಾಲದವು.

ಮಾವನವರು ತೋಟದವರು. ಅವರು ಓದುತ್ತಿರುವುದು ಗಜಾನನ ಶರ್ಮರ 'ಚೆನ್ನಭೈರಾದೇವಿ'. 16ನೇ ಶತಮಾನದ ಗೇರುಸೊಪ್ಪೆಯ ರಾಣಿ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆದರು. ಮಾವ ಯುದ್ಧದ ಪುಟಗಳನ್ನು ಬೇಗ ಬೇಗ ತಿರುಗಿಸಿ, ಮೆಣಸಿನ ವ್ಯಾಪಾರದ ಪುಟಗಳನ್ನು ನಿಧಾನವಾಗಿ ಓದುತ್ತಾರೆ. ನಮ್ಮ ಕಡೆಯ ಕಾಳುಮೆಣಸಿಗಾಗಿ ಸಮುದ್ರದಾಚೆಯವರು ಹಡಗು ಕಟ್ಟಿಕೊಂಡು ಬಂದದ್ದು ಅವರಿಗೆ ತುಂಬಾ ಹತ್ತಿರದ ವಿಷಯ. ನಂಗೆ ಹಿಡಿಸಿದ್ದು ಬೇರೆ. ಆ ರಾಣಿಯನ್ನು ಸೋಲಿಸಿ ಸೆರೆಯಲ್ಲಿಟ್ಟವರು ನಮ್ಮ ಕೆಳದಿಯವರು, ವೆಂಕಟಪ್ಪ ನಾಯಕನ ಕಾಲದಲ್ಲಿ. ಚಿಕ್ಕಂದಿನಿಂದ ಇಕ್ಕೇರಿ ದೇವಸ್ಥಾನ ನೋಡಿ ಹೆಮ್ಮೆಪಟ್ಟವರಿಗೆ ಇದು ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯಲ್ಲ. ಆದರೆ ಇಂಥ ಪುಸ್ತಕ ಓದಬೇಕು. ಬರೀ ನಮ್ಮವರು ಗೆಲ್ಲುವ ಕಾದಂಬರಿ ಓದುತ್ತಾ ಕೂತರೆ ಇತಿಹಾಸ ಅರ್ಧವೇ ಸಿಗುವುದು, ಅಲ್ವಾ?

ಗಜಾನನ ಶರ್ಮರದೇ 'ಪುನರ್ವಸು' ಕೂಡ ಇದೇ ಪಟ್ಟಿಗೆ ಸೇರಬೇಕು. ರಾಜರ ಕಥೆಯಲ್ಲ, ಶರಾವತಿ ಮುಳುಗಡೆಯ ಕಥೆ. ನಮ್ಮ ಪಕ್ಕದ ಮನೆಯ ಅಜ್ಜ ಮುಳುಗಡೆಯವರು. ಅವರ ಊರು ಲಿಂಗನಮಕ್ಕಿ ಹಿನ್ನೀರಿನಡಿ ಇದೆ. ಮೊಮ್ಮಗಳು ಓದಿ ಹೇಳುತ್ತಿದ್ದಳು, ಅವರು ಮಧ್ಯೆ ಮಧ್ಯೆ ನಿಲ್ಲಿಸಿ, ಆ ದಾರಿಯಲ್ಲಿ ಒಂದು ಹಳ್ಳ ಬರುತ್ತಿತ್ತು, ಅದರಾಚೆ ಇಂಥವರ ಮನೆ ಅಂತ ಸೇರಿಸುತ್ತಿದ್ದರು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದಲ್ಲ, ಅದನ್ನು ಕಟ್ಟಿದ ಕಾಲದಿಂದ ಹಿಡಿದು ಓದಿದರೆ ಜೋಗದ ಕರೆಂಟಿಗೆ ಯಾರು ಏನು ಕೊಟ್ಟರು ಅಂತ ಗೊತ್ತಾಗುತ್ತದೆ. ಅಜ್ಜ ಕೊನೆಯ ಭಾಗ ಬೇಡ ಅಂದರು. ನೀವು ಪೂರ್ತಿ ಓದಿ.

ನಮ್ಮಲ್ಲಿ ಒಂದು ಚರ್ಚೆ ಮುಗಿದೇ ಇಲ್ಲ: ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಐತಿಹಾಸಿಕ ಕಾದಂಬರಿಯೋ ಅಲ್ಲವೋ. ಅಲ್ಲ ಅನ್ನುತ್ತಾರೆ ಭಾವ, ರಾಜ ಇಲ್ಲ, ಕೋಟೆ ಇಲ್ಲ ಅಂತ. ನನ್ನ ಪ್ರಕಾರ ಖಂಡಿತ ಹೌದು. 1967ರಲ್ಲಿ ಬಂದ ಪುಸ್ತಕ, ಕಥೆ ನಡೆಯುವುದು 19ನೇ ಶತಮಾನದ ಕೊನೆಯಲ್ಲಿ. ಪಾದ್ರಿಯ ಸೈಕಲ್ಲು ತೀರ್ಥಹಳ್ಳಿ ಕಡೆಯ ಕಾಡುದಾರಿಗೆ ಬಂದಾಗ ಜನ ಅದನ್ನು ಬೀಸೆಕಲ್ಲು ಅನ್ನುತ್ತಾರೆ, ನೆನಪಿದೆಯಾ? ಒಂದು ಕಾಲ ಹೋಗಿ ಇನ್ನೊಂದು ಬರುವುದನ್ನು ಯಾವ ಪಟ್ಟಾಭಿಷೇಕವೂ ಅಷ್ಟು ಚೆನ್ನಾಗಿ ತೋರಿಸಲ್ಲ. ಆದರೆ ಇದರಿಂದ ಶುರು ಮಾಡಬೇಡಿ. ಪಾತ್ರಗಳು ಬಹಳ, ಕಥೆ ಅವಸರವಿಲ್ಲದೆ ಹೋಗುತ್ತದೆ. ಓದುವ ಅಭ್ಯಾಸ ಕೂತ ಮೇಲೆ ಹಿಡಿಯಿರಿ.

ನಿಮ್ಮ ವಯಸ್ಸಿನವರ ಮಾತೂ ಬೇಕಲ್ಲ. ಅಣ್ಣನ ಮಗಳು ಇಂಜಿನಿಯರಿಂಗ್ ಓದುತ್ತಾಳೆ, ಕನ್ನಡ ಕಾದಂಬರಿ ಅಂದರೆ ದೂರ ಇದ್ದವಳು. ಅವಳಿಗೆ ರುಚಿ ಹತ್ತಿಸಿದ್ದು ವಸುಧೇಂದ್ರರ 'ತೇಜೋ ತುಂಗಭದ್ರಾ'. ಒಂದು ಕಡೆ ಲಿಸ್ಬನ್, ಇನ್ನೊಂದು ಕಡೆ ವಿಜಯನಗರ, ನಡುವೆ ಗೋವಾ. ಭಾಷೆ ಇವತ್ತಿನದು, ಅಧ್ಯಾಯಗಳು ಊರಿಂದೂರಿಗೆ ಜಿಗಿಯುತ್ತವೆ, ಬಿಡೋಕಾಗಲ್ಲ. ಓದಿ ಮುಗಿಸಿದ ಭಾನುವಾರವೇ ಕೂಡ್ಲಿಗೆ ಹೋಗೋಣ ಅಂತ ಹಟ ಹಿಡಿದಳು. ತುಂಗೆ, ಭದ್ರೆ ಸೇರಿ ತುಂಗಭದ್ರೆ ಆಗುವುದು ಅಲ್ಲೇ, ನಿಮಗೂ ಶಿವಮೊಗ್ಗದಿಂದ ಹತ್ತಿರ. ಅವಳು ಈಗ ಗೋಪಾಲಕೃಷ್ಣ ಪೈ ಅವರ 'ಸ್ವಪ್ನ ಸಾರಸ್ವತ' ಹಿಡಿದಿದ್ದಾಳೆ. ಗೋವಾ ಬಿಟ್ಟು ದಕ್ಷಿಣಕ್ಕೆ ಹೊರಟ ಸಾರಸ್ವತರ ಕಥೆ ಅದು.

ಅತ್ತೆಯ ಆಯ್ಕೆ ಕೆ.ವಿ. ಅಯ್ಯರ್ ಅವರ 'ಶಾಂತಲಾ', ಹೊಯ್ಸಳರ ರಾಣಿಯ ಕಥೆ. ಭಾಷೆ ಹಳೆಯ ಕಾಲದ್ದು, ಸ್ವಲ್ಪ ತಾಳ್ಮೆ ಬೇಕು. ಬೇಲೂರು ನೋಡಿ ಬಂದವರಿಗೆ ಜಾಸ್ತಿ ಹಿಡಿಸುತ್ತದೆ.

ನಿಮಗೆ ನನ್ನ ಸಲಹೆ: ಕಥೆಯ ಓಟ ಬೇಕಿದ್ದರೆ 'ತೇಜೋ ತುಂಗಭದ್ರಾ', ಊರಿನ ನಂಟು ಬೇಕಿದ್ದರೆ 'ಚೆನ್ನಬಸವನಾಯಕ'. ಎರಡರಲ್ಲಿ ಒಂದು ನಿಮ್ಮನ್ನು ಖಂಡಿತ ಹಿಡಿದು ಕೂರಿಸುತ್ತದೆ. ಕೊಳ್ಳುವ ಮೊದಲು ಜಿಲ್ಲಾ ಗ್ರಂಥಾಲಯದಲ್ಲಿ ವಿಚಾರಿಸಿ. ಹಾಗೇ ಬಿಡುವಿದ್ದಾಗ ಶಿವಪ್ಪ ನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಅಲ್ಲಿನ ವೀರಗಲ್ಲುಗಳನ್ನು ನಿಧಾನವಾಗಿ ನೋಡಿ, ಕಾದಂಬರಿಯಲ್ಲಿ ಹೆಸರು ಬರದವರು ಅಲ್ಲಿದ್ದಾರೆ.

ಕೆಳದಿ ಚೆನ್ನಮ್ಮನ ಮೇಲೆ ಬಂದ ಒಳ್ಳೆಯ ಕಾದಂಬರಿಯನ್ನು ಯಾರಾದರೂ ಈಗ ಓದುತ್ತಿದ್ದರೆ ದಯವಿಟ್ಟು ಹೇಳಿ. ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟ ರಾಣಿ ಅವಳು. ಮಾಸ್ತಿ ಮುಗಿದ ಮೇಲೆ ನಂಗೆ ಬೇಕಿರುವುದು ಅದೇ.